ಆರು ಡಿಗ್ರಿ ಹೆಚ್ಚು

ಗಾಳಿ ಗುದ್ದಿ ಕೈ ನೋಯಿಸಿಕೊಳ್ಳುವುದೇ ನನ್ನ ಕಸುಬು;
ಅದಕ್ಕೆ ಸಂಬಳವೂ ಉಂಟು.

ತಾಲಿನ್ ಬಂದರಿನೆದುರು ಹನ್ನೊಂದು ಮಹಡಿಯ ಕಟ್ಟಡ.
ಗಾಜಿನ ತೊಗಲು ಎರಡು ಅದಕ್ಕೆ:
ಹೊರಗಿನದು ಸಮುದ್ರದ ಗಾಳಿಗೆ, ಒಳಗಿನದು ಜನಕ್ಕೆ.
ನಡುವೆ ಎಪ್ಪತ್ತು ಸೆಂಟಿಮೀಟರು,
ಒಬ್ಬ ಮನುಷ್ಯ ಅಡ್ಡಡ್ಡ ನಡೆಯುವಷ್ಟು ಸಂದಿ.
ಮಹಡಿ ಮಹಡಿಗೂ ಬೇರೆ ಸಂದಿ, ಬೇರೆ ಕಂಡಿ.
ಬಿಸಿಲು ಹೊಕ್ಕರೆ ಅಲ್ಲಿನ ಗಾಳಿ ಕಾಯುತ್ತದೆ,
ಕಾದದ್ದು ಹಗುರಾಗಿ ಮೇಲಿನ ಕಂಡಿ ಹುಡುಕುತ್ತದೆ,
ತಣ್ಣನೆಯದು ಕೆಳಗಿನಿಂದ ನುಗ್ಗುತ್ತದೆ.
ಒಲೆಯ ಹೊಗೆಗೂಡಿಗೆ ಗೊತ್ತಿರುವ ವಿದ್ಯೆ, ಇಷ್ಟೇ.

ಇಷ್ಟನ್ನು ಕಂಪ್ಯೂಟರಿಗೆ ಹೇಳಬೇಕು ನಾನು.
ಹೇಳಲು ಸಂದಿಯನ್ನು ಹನ್ನೆರಡು ಲಕ್ಷ ಚೂರು ಮಾಡಿ
ಚೂರುಚೂರನ್ನೂ ವಿಚಾರಿಸುತ್ತೇನೆ:
ನಿನಗೆಷ್ಟು ಬಿಸಿ? ಯಾವ ಕಡೆ ಹೊರಟೆ?
ಪಕ್ಕದವನಿಗೆಷ್ಟು ಕೊಟ್ಟೆ?
ಅವು ಸುಳ್ಳು ಹೇಳುತ್ತ, ತಿದ್ದಿಕೊಳ್ಳುತ್ತ,
ರಾತ್ರಿಯಿಡೀ ಜಗಳವಾಡಿ
ಬೆಳಗಿನ ಜಾವ ಒಂದು ಮಾತಿಗೆ ಬರುತ್ತವೆ.
ಅದಕ್ಕೆ ಉತ್ತರ ಎಂದು ಹೆಸರು.

ಮಾರ್ಚ್ ಹದಿನೆಂಟು, ಮಧ್ಯಾಹ್ನ ಒಂದು ಗಂಟೆ.
ಹೊರಗೆ ಸೊನ್ನೆಗಿಂತ ಎರಡು ಕೆಳಗೆ, ಬಿಸಿಲು ಮಾತ್ರ ಚೊಕ್ಕ.
ಏಳನೇ ಮಹಡಿಗೆ ನನ್ನ ಲೆಕ್ಕ ಹತ್ತೊಂಬತ್ತು ಡಿಗ್ರಿ,
ಅಲ್ಲಿ ಅಂಟಿಸಿದ ತಂತಿ ಹೇಳಿದ್ದು ಇಪ್ಪತ್ತೈದು.
ಆರನೆಯದು ಸರಿ. ಎಂಟನೆಯದು ಸರಿ.
ಏಳಕ್ಕೊಂದಕ್ಕೇ ಜ್ವರ.

ಮೂರು ವಾರ.
ಗಾಜಿನ ಹೊಳಪು ತಿದ್ದಿದೆ, ಪರದೆಯ ಬಣ್ಣ ತಿದ್ದಿದೆ,
ಬಂದರಿನ ಗಾಳಿಯ ದಿಕ್ಕನ್ನೇ ಕೊಂಚ ತಿರುಚಿದೆ.
ಜಪ್ಪಯ್ಯ ಅನ್ನಲಿಲ್ಲ.
'ಆರು ಡಿಗ್ರಿ ತಾನೆ, ಸರಾಸರಿಯಲ್ಲಿ ಮುಳುಗಿಸು' ಎಂದರು ಕಾಲ್ಯು.
ಆ ಕೆರೆಯಲ್ಲಿ ಈವರೆಗೆ ಏನೆಲ್ಲ ಮುಳುಗಿಲ್ಲ!

ಅಜ್ಜಿ ಸಾಲ್ಮೆಯ ಮನೆಯಲ್ಲೂ ಕಿಟಕಿಗೆ ಎರಡು ಗಾಜು.
ಚಳಿ ಬರುವ ಮುಂಚೆ ನಡುವೆ ಹತ್ತಿ ಹಾಸಿ,
ಕೆಂಪು ಕಾಡುಹಣ್ಣು ನಾಲ್ಕು ಇಟ್ಟು,
ತೇವ ಹೀರಲೆಂದು ಒಂದು ಲೋಟ ಉಪ್ಪು.
ಆದರೂ ಗಾಜು ಬೆವರುತ್ತಿತ್ತು.
ಅಜ್ಜಿ ಬೈಯುತ್ತಿದ್ದದ್ದು ಉಪ್ಪನ್ನು.

ಕೊನೆಗೆ ನಾನೇ ಹೋದೆ.
ಕಿರುಬಾಗಿಲು ತೆಗೆದು ಕಬ್ಬಿಣದ ಜಾಲರಿಯ ಮೇಲೆ ಕಾಲಿಟ್ಟೆ.
ಮೊದಲು ಮೂಗಿಗೆ ಬಡಿದದ್ದು ಹಸಿಮಣ್ಣು.
ನನ್ನ ಹನ್ನೆರಡು ಲಕ್ಷ ಚೂರಿನಲ್ಲಿ
ಒಂದಕ್ಕೂ ವಾಸನೆ ಇರಲಿಲ್ಲ.

ನಲವತ್ತಮೂರು ಮೊಸರಿನ ಡಬ್ಬಿ.
ಡಬ್ಬಿಗೊಂದು ಟೊಮೇಟೊ ಸಸಿ,
ಐಸ್‌ಕ್ರೀಮ್ ಕಡ್ಡಿಯ ಮೇಲೆ ತಳಿಯ ಹೆಸರು.
ಕೆಳಗಿನ ಕಂಡಿಯ ಉದ್ದಕ್ಕೂ ಬೂದು ಕಂಬಳಿ,
ದರ್ಜಿ ಕತ್ತರಿಸಿದ ಹಾಗೆ ಅಳತೆಗೆ ಸರಿಯಾಗಿ.

ಗಾಜು ಒರೆಸುವ ರಾಯಿಸಾ ಬಕೆಟ್ಟು ಕೆಳಗಿಟ್ಟಳು.
'ಲಾಸ್ನಮೆಯಲ್ಲಿ ನನ್ನ ಕಿಟಕಿ ಉತ್ತರಕ್ಕೆ' ಎಂದಳು,
ಬೇರೇನೂ ಸಮಜಾಯಿಷಿ ಬೇಡವೆಂಬಂತೆ.
ಆಮೇಲೆ, ತಡೆದು ತಡೆದು, ನನ್ನ ಭಾಷೆಯಲ್ಲಿ:
'ಬುಡಕ್ಕೆ ತಣ್ಣಗೆ ತಾಗಿದರೆ ಎಲೆ ನೇರಳೆಯಾಗುತ್ತದೆ.
ಎರಡು ವರ್ಷ ಆಯಿತು. ಮೂರನೆಯ ವರ್ಷ ಕಂಬಳಿ.
ಮೇ ಹತ್ತರವರೆಗೆ ಅಷ್ಟೇ.
ಆಮೇಲೆ ತೋಟಕ್ಕೆ.'

ನಾನು ಸುಮ್ಮನಿದ್ದೆ. ತಂತಿಯತ್ತ ಕೈ ತೋರಿಸಿ ಕೇಳಿದಳು:
'ರಾತ್ರಿ ಎಷ್ಟಿರುತ್ತದೆ, ಇದಕ್ಕೆ ಗೊತ್ತೇ?'
'ನಾಲ್ಕು ಗಂಟೆಗೆ, ಒಂಬತ್ತು.'
ಅವಳು ತುಟಿ ಕಚ್ಚಿ ಲೆಕ್ಕ ಹಾಕಿದಳು.
'ಹಾಗಾದರೆ ಹೊರಗಿನ ಗಾಜಿನಿಂದ ಒಂದು ಗೇಣು ಹಿಂದಕ್ಕೆ.'
ಇಬ್ಬರೂ ಸರಿಸಿದೆವು.
ನಲವತ್ತಮೂರೂ.

ಮೇಜಿಗೆ ಮರಳಿ, ಏಳನೇ ಮಹಡಿ, ಕೆಳಗಿನ ಕಂಡಿ,
ವಿಸ್ತೀರ್ಣ ಎಂಬಲ್ಲಿ ಸೊನ್ನೆ ಬರೆದೆ.
ಬೆಳಗಾಗುವಷ್ಟರಲ್ಲಿ ನನ್ನ ಗೆರೆ
ತಂತಿಯ ಚುಕ್ಕಿಗಳ ಮೇಲೆ ಹೋಗಿ ಮಲಗಿತ್ತು.

ವರದಿಯಲ್ಲಿ ಕಾರಣ ಎಂಬ ಒಂದು ಅಂಕಣ.
ಬರೆದೆ, ಅಳಿಸಿದೆ.
ಕಡೆಗೆ: ತಾತ್ಕಾಲಿಕ ಅಡಚಣೆ, ಮೇ ಹತ್ತರವರೆಗೆ.

ಹತ್ತೇ ಎಂದು ಹೇಗೆ ಹೇಳುತ್ತೀ, ಕೇಳಿದರು ಕಾಲ್ಯು.
ಹವಾಮಾನ, ಎಂದೆ.