ಐದ ಮಿನಿಟ

ತಾಸಿಗೆ ಎಂಬತ್ತು ರೂಪಾಯಿ. ಅಳ್ಳಾಡಬಾರದು, ಅಷ್ಟ.
ಬೆಟಗೇರಿ ಮಗ್ಗದ ಮನಿಯೊಳಗ ಕಂಡಿಕಿ ಸುತ್ತಿದಾಕಿಗೆ
ಸುಮ್ಮನ ಕುಂಡ್ರೂದೂ ಒಂದು ಕೆಲಸ ಅಂದ್ರ ನಗಿ ಬಂತು.
ಮೂರನೇ ದಿನಕ್ಕ ಗೊತ್ತಾತು
ತುಂಬಿದ ಕೊಡಕ್ಕಿಂತ ಭಾರ ಅದು.

ಚಿತ್ರದ ಸಾಲಿ. ಮ್ಯಾಲ ತಗಡು, ಒಂದ ಫ್ಯಾನು,
ಅದೂ ಹುಡುಗರ ಕಡೆ.
ಹದಿನಾಕು ಮಂದಿ, ಹದಿನಾಕು ಅಂಬಕ್ಕ.
ಒಬ್ಬ ನನ್ನ ಮೂಗು ಜಗ್ಗಿ ಉದ್ದ ಮಾಡಿದ,
ಒಬ್ಬಾಕಿ, ಪಾಪ, ವಯಸ್ಸು ಇಳಿಸಿ ಕೊಟ್ಲು.

ಡೋಣಿ ಊರಿನ ಮೌಲಾಲಿ ಮಾತ್ರ
ನನ್ನ ಬೆನ್ನ ಹಿಂದ ಸ್ಟೂಲು ಹಾಕ್ಕೊಂಡು ಕುಂತ.
ಮಾರಿ ನೋಡಲಾರದವ ಏನ ಬರೀತಾನು ಅಂತ ನಾ.
ಬಣ್ಣದ ವಾಸನಿ ಅಷ್ಟ ಬರತಿತ್ತು. ಅಗಸಿ ಎಣ್ಣಿಯಂತ.
ಚಟ್ನಿ ಪುಡಿ ನೆನಪಾಗಿ ಹೊಟ್ಟಿ ಗುರ್ರ ಅಂತು.

ಕಡೀಗೆ ಶನಿವಾರ ತೋರಿಸಿದ.
ನಾ ಇರಲಿಲ್ಲ.
ಕಪ್ಪತಗುಡ್ಡ ಇತ್ತು, ನನ್ನ ಹಸರ ಸೀರಿ ಉಟ್ಟು
ಅತ್ತಾಗ ಮಾರಿ ಮಾಡಿ ಕುಂತಿತ್ತು.
ಬೆನ್ನಹುರಿ ಗುಂಟ ಒಂದು ಹಳ್ಳ, ದಂಡಿಗೆ ನಾಕು ಕುರಿ,
ಎಡ ಹೆಗಲ ಮ್ಯಾಲ ಮೂರು ಗಾಳಿಪಂಕಾ,
ತುರುಬು ಬಿಚ್ಚಿ ಬೇರಾಗಿ ಮಣ್ಣಾಗ ಇಳದಿತ್ತು.

ಕೈ ಎಲ್ಲೋ ತಮ್ಮಾ?
ಅದು ಕಾರಿಗಿಡ ಆಗೇತ್ರಿ.
ಬಗ್ಗಿ ನೋಡಿದೆ. ಟೊಂಗಿ ಹೌದು, ಮುಳ್ಳೂ ಹೌದು,
ನೂಲು ಕೊಯ್ದ ಗೆರಿ ಇಲ್ಲ.
ಹೇಳಿದೆ. ಬಾಯಿ ತಗದು ನಿಂತ,
ಆಮ್ಯಾಲ ಸಣ್ಣ ಕುಂಚ ಹುಡುಕಿ
ಟೊಂಗಿಗೆ ಒಂದು ಕೆಂಪು ಎಳಿ ಸುತ್ತಿದ.

ಮಾಸ್ತರು ಏನೇನೋ ಅಂದ್ರು, ಪರದೇಶದ ಕನಸಿನ ಪಂಥ,
ಅಲ್ಲಿ ಹೆಣ್ಣು ಗಿಡ ಆಗತಾಳ, ಕಲ್ಲು ಆಗತಾಳ ಅಂತ.
ಹೆರಿಗಿ ಬ್ಯಾನಿಯೊಳಗ ನಮ್ಮವ್ವ
ಕಂಬ ಹಿಡದು ಕಂಬಾನ ಆಗಿದ್ಲು.
ಅದನ್ನ ಯಾರೂ ಚೌಕಟ್ಟು ಹಾಕಿ ಗ್ವಾಡಿಗೆ ತೂಗಲಿಲ್ಲ.
ಇರಲಿ.

ಐತವಾರ ತಂಗಿ ಮಗಳ ಕೂಸು ನೋಡಾಕ
ಮುಂಡರಗಿ ಬಸ್ಸು ಹತ್ತಿದೆ. ಕಿಟಕಿ ಸಿಕ್ತು.
ಗುಡ್ಡ ಬಂತು.
ಅದ ಬೆನ್ನು. ಅದ ಮಗ್ಗಲು.
ಎಡ ಮೊಣಕಾಲು ಜೋಂ ಹಿಡದಿರತೈತಿ, ನನಗ ಗೊತ್ತಲ್ಲ,
ಇರಿವಿ ಹರದ್ರೂ ಕೊಡವೂ ಹಂಗಿಲ್ಲ.
ಯಾವಾಗಿಂದ ಕುಂತೈತೋ, ತಾಸಿಗೆ ಎಷ್ಟ ಕೊಡತಾರೋ,
ಯಾರು ಬರಿಯಾಕತ್ತಾರೋ ಅದನ್ನ,
ಇನ್ನೂ ಮುಗಿಸಿಲ್ಲ.

ಸಾಲ್ಯಾಗ ತಾಸಿಗೊಮ್ಮೆ ಮಾಸ್ತರು ಚಪ್ಪಾಳಿ ಹೊಡೀತಾರ.
ಗಾಜು ಸರಿಸಿ ನಾನೂ ಹೊಡದೆ.
ಏಳವಾ, ಐದ ಮಿನಿಟ.
ಕಾಲು ಚಾಚು. ಚಾ ಕುಡಿ.

ಕಂಡಕ್ಟರ ಹೊಳ್ಳಿ ನೋಡಿದ:
ಇಲ್ಲಿ ಸ್ಟಾಪಿಲ್ಲಬೇ.