ತೆಂಕಪೇಟೆ ಸ್ಟೋರ್ಸ್, ರುವಿ

ಅಂಗಡಿಗೆ ಗೋಡೆಯಿಲ್ಲ, ತಕ್ಕಡಿಯಿಲ್ಲ,
ಗಲ್ಲಾಪೆಟ್ಟಿಗೆಯಿಲ್ಲ.
ಮಸ್ಕತ್ತಿನ ಹೊರಗೆ, ಅಲ್ ಖೂದ್‌ನ ಪ್ರಯೋಗಾಲಯದಲ್ಲಿ
ಏಸಿಯ ಚಳಿಗೆ ಶಾಲು ಹೊದ್ದು
ನಾನೇ ಕಟ್ಟಿದ್ದು, ಕಳ್ಳರಿಗಾಗಿ.

ಇನ್ನೂರ ಹನ್ನೆರಡು ಸಾಮಾನು, ಒಂದೂ ಇಲ್ಲದ್ದು.
ದರ ಹಾಕಿದೆ, ಚಿತ್ರ ಹಾಕಿದೆ,
'ಎರಡೇ ಉಳಿದಿವೆ' ಎಂದು ಬರೆದೆ,
ಹಿಂಬಾಗಿಲ ಚಿಲಕ ಬೇಕೆಂದೇ ಸಡಿಲ ಬಿಟ್ಟೆ.
ಬರಲಿ. ಬಂದವರ ಹೆಜ್ಜೆ ಎಣಿಸುವುದೇ ನನ್ನ ಓದು.
ಹೆಸರು ಮಾತ್ರ ಏನಿಡಲೆಂದು ತೋಚದೆ
ಅಜ್ಜ ಛತ್ರಿ ರಿಪೇರಿಗೆ ಕೂರುತ್ತಿದ್ದ ಬೀದಿಯ ಹೆಸರಿಟ್ಟೆ.
"ಯಾರು ಓದುತ್ತಾರೆ, ಜೆಸಿಂತಾ," ಎಂದರು ಡಾಕ್ಟರ್ ಮೈಸಾ,
ಖರ್ಜೂರದ ಬೀಜವನ್ನು ಕಾಗದಕ್ಕೆ ಉಗುಳುತ್ತಾ,
"ಕಳ್ಳ ಬೋರ್ಡು ನೋಡುವುದಿಲ್ಲ, ಬೀಗ ನೋಡುತ್ತಾನೆ."

ನಿಜ. ಮೊದಲ ರಾತ್ರಿಯೇ ಬಂದರು.
ಮೂರು ಗಂಟೆ ಹತ್ತು ನಿಮಿಷಕ್ಕೆ
ಸೆಕೆಂಡಿಗೆ ನಲವತ್ತು ಸಲ ಒಂದೇ ಬಾಗಿಲು ಬಡಿದರು.
ಎಲ್ಲೆಲ್ಲೋ ಕದ್ದ ಕಾರ್ಡುಗಳನ್ನು ತಂದು
ಇನ್ನೂ ಜೀವ ಇದೆಯೇ ಎಂದು
ಹತ್ತು ಬೈಸಕ್ಕೊಂದರಂತೆ ನಾಡಿ ಹಿಡಿದರು.
ಬಂದವರು ಎಂದೆನೆ? ಬಂದವು.
ಯಾರೋ ಮಲಗುವ ಮುಂಚೆ ಓಡಲು ಬಿಟ್ಟ ಲೆಕ್ಕ.
ನನ್ನ ಕೋಷ್ಟಕ ತುಂಬಿತು. ಹಿಗ್ಗಿದೆ, ನಾಚಿಕೆಯಿಲ್ಲದೆ.

ಹತ್ತೊಂಬತ್ತನೇ ದಿನ ಒಬ್ಬ ನಿಧಾನಕ್ಕೆ ಬಂದ.
ಕಾರ್ಡಿನ ಸಂಖ್ಯೆ ಎರಡು ಸಲ ತಪ್ಪಿದ, ಅಳಿಸಿ ಬರೆದ.
ಹನ್ನೊಂದು ನಿಮಿಷ. ಕಳ್ಳರು ಅಷ್ಟು ಹೊತ್ತು ನಿಲ್ಲುವುದಿಲ್ಲ.
ಬೇಕಾದದ್ದು ಕುಕ್ಕರಿನ ರಬ್ಬರು, ಐದು ಲೀಟರಿನದು,
ಒಂದು ರಿಯಾಲು ಇನ್ನೂರು ಬೈಸ.
ನೂರಂದಪ್ಪ, ವೆಲ್ಡರ್, ಸೊಹಾರ್,
ನಾಲ್ಕನೇ ಕ್ಯಾಂಪು, ಹದಿನೇಳನೇ ಖೋಲಿ.
ಷರಾ ಎಂಬಲ್ಲಿ ಕನ್ನಡದಲ್ಲೇ:
"ಹೆಸರ ನೋಡಿ ನಮ್ಮ ಕಡೆಯವರ ಅಂಗಡಿ ಅಂತ ತಿಳಕೊಂಡೀನ್ರಿ.
ರಬ್ಬರ ಸಡಲ ಆಗೇತಿ, ಸೀಟಿ ಹೊಡೀವಲ್ದು.
ಏಳ ಮಂದಿ ಅದೀವಿ."

ಅವನ ಕಡೆಗೂ ನನ್ನ ಕಡೆಗೂ ನಡುವೆ ಒಂದು ಘಟ್ಟವೇ ಇದೆ.
ಇಲ್ಲಿ ಕೂತರೆ ಕಾಣುವುದಿಲ್ಲ.

ನಿಯಮ ಗೊತ್ತು: ಅಳಿಸು, ಸಂಪರ್ಕಿಸಬೇಡ.
ಅಳಿಸಿದೆ ಕೂಡ, ಆ ಹದಿನಾರು ಅಂಕಿಗಳನ್ನು,
ಬೇಲಿಯೇ ಹೊಲ ಮೇಯಬಾರದೆಂದು.
ಏಳು ಮಂದಿಯ ಬೇಯದ ಬೇಳೆ
ಯಾವ ಆಜ್ಞೆಗೂ ಅಳಿಯಲಿಲ್ಲ.
ಶುಕ್ರವಾರ, ನಮಾಜು ಮುಗಿದು ರುವಿಯ ಶಟರುಗಳು ಏಳುವ ಹೊತ್ತಿಗೆ
ಪಾತ್ರೆ ಅಂಗಡಿಯ ಮುಂದೆ ನಿಂತಿದ್ದೆ.
ಕಪ್ಪು ಬಳೆಯಂಥದ್ದು, ಹೊಸ ಟಯರಿನ ವಾಸನೆ.
ಸೊಹಾರ್ ಬಸ್ಸಿನ ಡ್ರೈವರಿಗೆ ಕೊಟ್ಟುಬಂದೆ.

ನಾಲ್ಕು ದಿನ ಬಿಟ್ಟು ಫೋನು ಮಾಡಿ ಗದರಿದೆ:
"ಅದು ಅಂಗಡಿಯಲ್ಲ ಮಾರಾಯ್ರೆ, ಇಲಿಬೋನು.
ಗುರುತಿಲ್ಲದಲ್ಲಿ ಇನ್ನೆಂದೂ ಕಾರ್ಡು ಹಾಕಬೇಡಿ."
ಆ ಕಡೆ ಗ್ರೈಂಡರಿನ ಕಿರುಚು, ಅದು ನಿಂತ ಮೇಲೆ:
"ಮತ್ತ ಸಾಮಾನ ಬಂತಲ್ರೀ ಅಕ್ಕಾರ?"

ಎರಡು ವರ್ಷ ನಾನು ಬರೆದ ಎಚ್ಚರಿಕೆಗಳಿಗೆಲ್ಲ
ಆ ಪ್ರಶ್ನೆಗೆ ಉತ್ತರವಿರಲಿಲ್ಲ.
ಕಳಿಸಿದ್ದು ರಬ್ಬರು ಎಂದುಕೊಂಡಿದ್ದೆ.
ಮುಂದಿನ ಸುಳ್ಳು ಅಂಗಡಿಗೆ
ಅವನ ಬಾಗಿಲ ಚಿಲಕ ನಾನೇ ಸಡಿಲಿಸಿಟ್ಟಿದ್ದೆ.
"ರೊಕ್ಕ ಮಾತ್ರ ಇನ್ನೂ ಕಟ್ಟಾಗಿಲ್ರಿ,"
ತಪ್ಪು ತನ್ನದೆಂಬಂತೆ ಅಂದ, "ಹೆಂಗ ಕಳಸ್ಲಿ?"

ನಲವತ್ತೊಂದು ಸಾವಿರದ ಆರು ಭೇಟಿಗಳಲ್ಲಿ
ಒಂದು ಯಾವ ಗುಂಪಿಗೂ ಸೇರದೆ ಉಳಿದಿದೆ.
"ಇದು ಯಾರು?" ಎಂದರು ಡಾಕ್ಟರ್ ಮೈಸಾ.
"ಗಿರಾಕಿ," ಎಂದೆ.
ಅವರು ನಗಲಿಲ್ಲ. ಪೆನ್ನಿನಿಂದ ಸುತ್ತು ಹಾಕಿದರು,
ತೆಗೆಯಬೇಕೆಂದೋ, ಇರಲೆಂದೋ,
ಹೇಳದೆ ತರಗತಿಗೆ ಹೋದರು.

ಇವತ್ತು ಅದೇ ಬಸ್ಸಿನ ಡ್ರೈವರ್ ಲಕೋಟೆ ತಂದ:
ಒಂದು ರಿಯಾಲಿನ ನೋಟು, ನೂರು ಬೈಸದ ಎರಡು,
ಒಂದರ ಮೂಲೆಯಲ್ಲಿ ಗ್ರೀಸಿನ ಹೆಬ್ಬೆಟ್ಟು.
ಜೊತೆಗೊಂದು ಚೀಟಿ.
ರಸೀದಿ ಕೇಳಿದ್ದಾನೆ.