ದಾಟುವುದು

ಬಿಳಿ ಪಟ್ಟೆಯ ಮೇಲೆ ನಡೆಯುವುದು ಅಪರಾಧವಲ್ಲ,
ಅದಕ್ಕೇ ಅಲ್ಲಿಂದ ಶುರುಮಾಡಿದೆವು.
ಬೆಳಿಗ್ಗೆ ಏಳಕ್ಕೆ, ಅಣೆಕಟ್ಟಿನ ಲಾರಿಗಳು
ಸಿಮೆಂಟು ಹೊತ್ತು ಕಾಕಸಸ್ಸಿನ ಕಣಿವೆಗಿಳಿಯುವ ಹೊತ್ತಿಗೆ,
ಸೇತುವೆಯ ಬಾಯಲ್ಲಿ,
ನನ್ನ ಬ್ರೆಡ್ಡಂಗಡಿಯಿಂದ ಎದುರಿನ ಔಷಧದಂಗಡಿಗೆ,
ಅಲ್ಲಿಂದ ಇಲ್ಲಿಗೆ.
ಸುಮ್ಮನೆ. ನಿಲ್ಲದೆ.

ಫೆಬ್ರವರಿಯಲ್ಲಿ ತಿನಾತಿನ್ ಒಬ್ಬಳೇ
ಇದೇ ಜಾಗದಲ್ಲಿ ಬುಲ್‌ಡೋಜರಿನ ಮುಂದೆ ಮಲಗಿದ್ದಳು,
ಶಾಲೆಗೆ ಹಾಕುವ ಕೋಟು ಹಾಸಿಕೊಂಡು.
ನಾನು ಬಾಗಿಲಲ್ಲಿ ನಿಂತು ನೋಡಿದೆ.
ಕೈಯೆಲ್ಲ ಹಿಟ್ಟಾಗಿತ್ತು; ಅದೇ ನೆಪ.
ನಾಲ್ವರು ಅವಳನ್ನು ಎತ್ತಿಕೊಂಡು ಹೋದರು
ಮದುವೆಮನೆಯ ಮೇಜು ಎತ್ತುವ ಹಾಗೆ,
ಹುಷಾರಾಗಿ, ಮೂಲೆ ತಗಲದಂತೆ.
ಎಡಗಾಲಿನ ಬೂಟು ರಸ್ತೆಯಲ್ಲೇ ಉಳಿಯಿತು.
ಈಗಲೂ ನನ್ನ ತೋನೆ ಒಲೆಯ ಪಕ್ಕ ಇದೆ,
ಒಣಗಿ ಒಣಗಿ ಸೌದೆಯಾಗಿದೆ.

ಮೂರು ವರ್ಷ, ಎಂದಿತು ಕೋರ್ಟು.
ಸಂಚಾರಕ್ಕೆ ಅಡ್ಡಿ.

ಮೊದಲ ದಿನ ದಾಟಿದವರು ಐವರು:
ನಾನು, ದನದ ಡಾಕ್ಟರು ಗೊದೆರ್ಜಿ, ಅವನ ಕುಂಟು ನಾಯಿ
(ನಾಯಿಯನ್ನೂ ಎಣಿಸಿದ್ದೇವೆ),
ಒಂಬತ್ತನೇ ತರಗತಿಯ ಇಬ್ಬರು ಹುಡುಗರು.
ಹನ್ನೆರಡನೇ ದಿನ ಪಟ್ಟೆಯೇ ಕಾಣುತ್ತಿರಲಿಲ್ಲ.
ಒಬ್ಬ ಡ್ರೈವರು ಹಾರ್ನು ಹೊಡೆದೂ ಹೊಡೆದೂ ಬೇಸತ್ತು
ಇಂಜಿನ್ ಆರಿಸಿ, ನನ್ನಲ್ಲೇ ಎರಡು ಶೋತಿ ಬ್ರೆಡ್ಡು ಕೊಂಡ.
ದುಡ್ಡು ತೆಗೆದುಕೊಂಡೆ. ಯಾಕೆ ಬಿಡಲಿ.

ಆಮೇಲೆ ಹೊಸ ಆಜ್ಞೆ ಬಂತು:
ಒಬ್ಬ ವ್ಯಕ್ತಿ ಒಂದು ಗಂಟೆಯ ಅವಧಿಯಲ್ಲಿ
ಒಂದೇ ಸಲ ರಸ್ತೆ ದಾಟತಕ್ಕದ್ದು.
ಕಂಬಕ್ಕೆ ಅಂಟಿಸಿದ್ದರು.
ಗೊದೆರ್ಜಿ ಕನ್ನಡಕ ಹಾಕಿ ಎರಡು ಸಲ ಓದಿದ,
ಕನ್ನಡಕ ಮಡಚಿ ಜೇಬಿಗಿಟ್ಟ, ದಾಟಿದ.
ಮತ್ತೆ ದಾಟಿದ.

ನ್ಯಾಯಾಧೀಶ ಚಿಕ್ಕ ವಯಸ್ಸಿನವನು, ನೆಗಡಿಯಾಗಿತ್ತು.
ಎಲ್ಲಿಗೆ ಹೊರಟಿದ್ದಿರಿ?
— ಆಚೆ ಬದಿಗೆ.
ಮತ್ತೆ ಯಾಕೆ ವಾಪಸು?
— ಈಚೆ ಏನೋ ಮರೆತಿದ್ದೆ.
ನಲವತ್ತೊಂದು ಸಲ ಮರೆತಿರಾ?
— ಅರವತ್ತೆಂಟು ವರ್ಷ ನನಗೆ, ಸ್ವಾಮಿ.
ಹಿಂದೆ ಯಾರೋ ಕಿಸಕ್ಕೆಂದರು.
ನಾನು ಹೇಳಿದ್ದು ಸುಳ್ಳಲ್ಲ.
ಆ ಫೆಬ್ರವರಿಯ ಬೆಳಿಗ್ಗೆ
ನನ್ನ ಬಾಗಿಲಿಂದ ಅವಳಿಗೆ ಇಪ್ಪತ್ತೇ ಹೆಜ್ಜೆ.

ದಂಡ ಐನೂರು ಲಾರಿ; ನಮ್ಮ ರೊಕ್ಕದ ಹೆಸರು ಅದು.
ಆ ಲಾರಿಯನ್ನೂ ಬಿಡುವುದಿಲ್ಲ ಎಂದೆ.
ಆರು ದಿನ ಒಳಗಿಟ್ಟರು.
ಕಾವಲಿನ ಹುಡುಗಿ ನನ್ನ ಬ್ರೆಡ್ಡು ತಿಂದೇ ಬೆಳೆದವಳು,
ಮುಖ ಕೊಡದೆ ಕಂಬಳಿ ಕೊಟ್ಟಳು, ಎರಡು.
ರಾತ್ರಿಯಿಡೀ ಮಂಡಿ ನೋವು. ಭಯವೂ ಇತ್ತು,
ಅದನ್ನು ಹೇಳದಿದ್ದರೆ ಇದೆಲ್ಲ ಬರೀ ಬಡಾಯಿ.

ಬಂದು ನೋಡಿದರೆ ನನ್ನ ಒಲೆಯ ಮುಂದೆ ಆ ಇಬ್ಬರು ಹುಡುಗರು,
ಹುಬ್ಬು ಸುಟ್ಟುಕೊಂಡು, ಬ್ರೆಡ್ಡು ಸೀಯಿಸಿಕೊಂಡು.
ಆರು ದಿನ ಊರು ಕರಕಲು ತಿಂದುಕೊಂಡೇ ದಾಟಿದೆ.

ತಿನಾತಿನ್ ಬರೆದ ಕಾಗದ ಬಂದಿತ್ತು.
ಜೈಲಿನ ಕಪ್ಪು ಮಸಿಗೆ ಸಿಗದೆ ಉಳಿದದ್ದು ಇಷ್ಟು:
ಉಣ್ಣೆಯ ಕಾಲುಚೀಲ ಕಳಿಸಿ, ಎಡಗಾಲಿನದು ದಪ್ಪಗಿರಲಿ.
ಒಂಬತ್ತನೇ ತರಗತಿಗೆ ಹೇಳಿ,
ನದಿ ದಾರಿ ಬದಲಿಸುವ ಪಾಠ
ಪರೀಕ್ಷೆಗೆ ಬಂದೇ ಬರುತ್ತದೆ.

ಓದಿ ಹೇಳಿದೆ.
ಯಾವ ಪುಟ, ಎಂದ ಚಿಕ್ಕವನು.
ಏಳಕ್ಕೆ ಐದು ನಿಮಿಷವಿತ್ತು.
ಮೂವರ ಕೈಯೂ ಹಿಟ್ಟಾಗಿತ್ತು.
ಹಾಗೇ ಹೊರಟೆವು.